ನೀರಿನ ಮೇಲೊಂದು ಕಾರ್ನರ್ ಸೈಟ್

"ಕಾರ್ನರ್ ಸೈಟ್ ಕಣೇ! ಎರಡು ಕಡೆ ಓಪನ್. ಮುಂದೆ ಯಾರೂ ಏನೂ ಕಟ್ಟೋಕೆ ಚಾನ್ಸೇ ಇಲ್ಲ!"

ಹೀಗೆ ಕೂಗಿದವರು ನಮ್ಮ ಯಜಮಾನರು ಗಿರೀಶ್. ಬೆಂಗಳೂರಿನ ಯಾವುದೋ ಹೊಸ ಲೇಔಟ್‌ನಲ್ಲಿ ನಿಂತು ಕೂಗಿದ್ದಲ್ಲ. ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿ, ಸಮುದ್ರದ ಮೇಲೆ ಚಾಚಿಕೊಂಡ ಮರದ ಜೆಟ್ಟಿಯ ತುದಿಯಲ್ಲಿ, ಹಾರಿಹೋಗುತ್ತಿದ್ದ ಟೋಪಿಯನ್ನು ಒಂದು ಕೈಯಲ್ಲಿ ಅದುಮಿಕೊಂಡು ಕೂಗಿದ್ದು. ಅವರು ತೋರಿಸುತ್ತಿದ್ದ ಸೈಟ್ ಅಂದರೆ ಎರಡು ಕಬ್ಬಿಣದ ತೋಳುಗಳ ನಡುವೆ ಕುಲುಕಾಡುತ್ತಿದ್ದ ಒಂದಿಷ್ಟು ಬೂದು ಬಣ್ಣದ ನೀರು. ಅಷ್ಟೇ.

ವಿಷಯ ಏನಪ್ಪಾ ಅಂದರೆ, ನಮ್ಮ ಪುಟ್ಟ ಹಾಯಿದೋಣಿಗೆ ಮೊದಲ ಸಲ ಒಂದು ಸ್ವಂತ ಜಾಗ ಸಿಗುವುದರಲ್ಲಿತ್ತು. ಕಾರಿಗೆ ಪಾರ್ಕಿಂಗ್ ಬೇಕಾದ ಹಾಗೆ ದೋಣಿಗೂ ಮರೀನಾದಲ್ಲಿ ಒಂದು ಜಾಗ ಬೇಕಲ್ಲ? ಅದನ್ನು ಕೊಡುವುದು ಬೋಟ್ ಕ್ಲಬ್ಬು. ಕ್ಯೂ ಇದೆ. ಎಂಥ ಕ್ಯೂ ಅಂತೀರಿ? ನಮ್ಮ ಮಗ ಅದ್ವೈತ ಡಾಗಿಸ್‌ಗೆ (ಇಲ್ಲಿನ ಶಿಶುವಿಹಾರಕ್ಕೆ) ಹೋಗುತ್ತಿದ್ದಾಗ ಹೆಸರು ಬರೆಸಿದ್ದು. ಈಗ ಅವನಿಗೆ ಮೀಸೆ ಚಿಗುರುತ್ತಿದೆ. ಆಗ ನಮ್ಮ ಹತ್ತಿರ ದೋಣಿಯೇ ಇರಲಿಲ್ಲ. ದೋಣಿ ಇಲ್ಲದೆ ಜಾಗಕ್ಕೆ ಹೆಸರು ಬರೆಸುವ ಹುಚ್ಚು ನಮಗೊಬ್ಬರಿಗೇ ಅಂದುಕೊಂಡಿದ್ದೆ. ಇಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರಂತೆ!

ಕೊನೆಗೂ ಕ್ಲಬ್ಬಿನಿಂದ ಫೋನ್ ಬಂತು. ಎರಡು ಜಾಗ ಖಾಲಿ ಇದೆ, ನೋಡಿ, ಬೇಕಾದರೆ ದೋಣಿ ತಂದು ಕಟ್ಟಿ ನೋಡಿ, ಭಾನುವಾರ ಸಂಜೆಯೊಳಗೆ ಒಂದನ್ನು ಆರಿಸಿ. ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತೆ.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಿಬಿಡಬೇಕು. ದೋಣಿ ನನ್ನದು. ಹೌದು ಸ್ವಾಮಿ, ನನ್ನದೇ. ತುಮಕೂರಿನವಳು ನಾನು. ನಾನು ಬೆಳೆಯುವಾಗ ನೀರು ಅಂದರೆ ನಲ್ಲಿ ನೀರು, ಅದೂ ದಿನ ಬಿಟ್ಟು ದಿನ. ಅಂಥವಳು ಯೂನಿವರ್ಸಿಟಿ ಲ್ಯಾಬಿನ ಗೆಳತಿಯೊಬ್ಬಳ ಹಿಂದೆ ಬಿದ್ದು ಸಂಜೆ ಕ್ಲಾಸಿನಲ್ಲಿ ಹಾಯಿ ಬಿಚ್ಚೋದು, ಕಟ್ಟೋದು, ಚುಕ್ಕಾಣಿ ಹಿಡಿಯೋದು ಎಲ್ಲ ಕಲಿತೆ. ಕಳೆದ ಶರತ್ಕಾಲದಲ್ಲಿ ಒಂದು ಹಳೇ ದೋಣಿ ಕೊಂಡೆ. ಗಿರೀಶ್‌ಗೆ ಕಾರ್ ಅಂದರೆ ಪ್ರಾಣ (ಕಾರ್ ಫ್ಯಾಕ್ಟರಿಯಲ್ಲೇ ಕೆಲಸ), ನೀರು ಅಂದರೆ ವಾಂತಿ. ಆದರೂ ನಾನು ದೋಣಿ ಹತ್ತಿದಾಗಲೆಲ್ಲ ಜೊತೆಗೆ ಬರುತ್ತಾರೆ. ಲೈಫ್ ಜಾಕೆಟ್ ಬಿಗಿದುಕೊಂಡು, ಶುಂಠಿ ಪೆಪ್ಪರ್‌ಮಿಂಟ್ ಚೀಪುತ್ತಾ, ದೇವರ ಹೆಸರು ಹೇಳುತ್ತಾ.

ಯಾಕೆ ಬರುತ್ತಾರೆ? "ನಿನ್ನನ್ನ ಒಬ್ಬಳನ್ನೇ ಹೇಗೆ ಕಳಿಸ್ಲಿ?"

ನನಗೆ ಬೇಕಾಗಿದ್ದು ಅದೇ. ಒಬ್ಬಳೇ ಹೋಗಿ ಒಬ್ಬಳೇ ಬರುವುದು. ಒಂದೇ ಒಂದು ಸಲ.

ನಗಬೇಡಿ. ನಮ್ಮಲ್ಲಿ ಹೆಣ್ಣುಮಗಳು ಚಪ್ಪಲಿ ಮೆಟ್ಟಿದ ತಕ್ಷಣ ಬರುವ ಪ್ರಶ್ನೆ ‘ಎಲ್ಲಿಗೆ’ ಅಲ್ಲ, ‘ಯಾರ ಜೊತೆ’. ಟ್ಯೂಷನ್‌ಗೆ ಹೋಗುವಾಗ ಮೂಗು ಸುರಿಸುವ ತಮ್ಮ ಜೊತೆಗೆ. (ಅವನು ನನ್ನನ್ನು ಕಾಯುತ್ತಿದ್ದನೋ ನಾನು ಅವನನ್ನೋ, ದೇವರೇ ಬಲ್ಲ.) ಕಾಲೇಜಿಗೆ ಪಕ್ಕದ ಮನೆ ಹುಡುಗಿ ಜೊತೆ. ವಿಮಾನ ಹತ್ತಿದ್ದು ಗಂಡನ ಜೊತೆ. ಪಿಎಚ್‌ಡಿ ಮಾಡಿದೆ, ಮಗನನ್ನು ಹೆತ್ತೆ, ಸ್ವೀಡಿಶ್ ಕಲಿತೆ, ಹಿಮದಲ್ಲಿ ಸೈಕಲ್ ಹೊಡೆದೆ. ಸುತ್ತ ಯಾರೂ ಇಲ್ಲದ ಕಡೆ, ನಾನೊಬ್ಬಳೇ, ನನ್ನಷ್ಟಕ್ಕೆ ನಾನೇ ಹೋಗಿದ್ದು ಎಲ್ಲಿಗೆ? ಯೋಚಿಸಿದರೆ ಬಾತ್‌ರೂಮ್ ಬಿಟ್ಟು ಇನ್ನೊಂದು ನೆನಪಾಗಲಿಲ್ಲ.

ಸರಿ, ಶನಿವಾರ ಬೆಳಿಗ್ಗೆ ಸಂಸಾರ ಸಮೇತ ಸೈಟ್ ನೋಡಲು ಹೊರಟೆವು.

ಮೊದಲನೆಯದು ಜೆಟ್ಟಿಯ ಕಟ್ಟಕಡೆಯ ಜಾಗ. ಅಬ್ಬಾ, ಏನು ನೋಟ! ಎದುರಿಗೆ ದ್ವೀಪಗಳ ಸಾಲು, ದೂರದಲ್ಲಿ ದೊಡ್ಡ ಹಡಗುಗಳು. ಎರಡನೆಯದು ದಡಕ್ಕೆ ಅಂಟಿಕೊಂಡ ಹಾಗೆ, ಬಂಡೆಯ ಮರೆಯಲ್ಲಿ. ಒಂದು ಕಡೆ ಕಸ ಬೇರ್ಪಡಿಸುವ ಶೆಡ್ಡು. ಎದುರಿಗೆ ಬೋಳು ಬಂಡೆ. ಅದರ ಮೇಲೆ ನಮ್ಮನ್ನೇ ದಿಟ್ಟಿಸುತ್ತಿದ್ದ ಒಂದು ಸಮುದ್ರ ಕಾಗೆ.

"ಇದನ್ನ ಯಾರಾದ್ರೂ ತಗೋತಾರಾ?" ಅಂದರು ಗಿರೀಶ್, ಮೂಗು ಮುಚ್ಚಿಕೊಂಡು. (ವಾಸನೆ ಏನೂ ಇರಲಿಲ್ಲ. ಸ್ವೀಡನ್ನಿನ ಕಸಕ್ಕೂ ಶಿಸ್ತಿದೆ.)

ಅಷ್ಟರಲ್ಲಿ ತುಮಕೂರಿನಿಂದ ಅಮ್ಮನ ವಿಡಿಯೊ ಕಾಲ್. ಗಿರೀಶ್ ಫೋನ್ ತಿರುಗಿಸಿ ತುದಿಯ ಜಾಗ ತೋರಿಸಿದರು.

"ಯಾವ ದಿಕ್ಕು ಅಳಿಯಂದ್ರೇ?"

"ಪೂರ್ವ ಅತ್ತೆ! ದೋಣಿ ಮೂತಿ ಪೂರ್ವಕ್ಕೆ ಬರುತ್ತೆ!"

"ಬಂಗಾರದಂಥ ಜಾಗ. ಕಣ್ಣು ಮುಚ್ಕೊಂಡು ತಗೊಳ್ಳಿ. ಇನ್ನೊಂದು ಯಾವ ದಿಕ್ಕು?"

"ಪಶ್ಚಿಮ. ಎದುರಿಗೆ ಬಂಡೆ, ಪಕ್ಕದಲ್ಲಿ ಕಸ."

"ಥೂ! ಅದರ ಹೆಸರೇ ಎತ್ತಬೇಡಿ."

ಅದ್ವೈತ ಸ್ವೀಡಿಶ್‌ನಲ್ಲಿ ಗೊಣಗಿದ: "ಅಮ್ಮಾ, ಇದು ದೋಣಿ. ವಿಲ್ಲಾ ಅಲ್ಲ." ಯಾರು ಕೇಳಬೇಕು? ಗಿರೀಶ್ ಆಗಲೇ ಫೋಟೊ ತೆಗೆದು ಇಲ್ಲಿನ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹಾಕಿಯಾಗಿತ್ತು. ಸೀ ಫೇಸಿಂಗ್, ಈಸ್ಟ್ ಫೇಸಿಂಗ್, ಕಾರ್ನರ್! ಹೆಬ್ಬೆರಳುಗಳ ಸುರಿಮಳೆ. ಲಿಂಕೋಪಿಂಗ್‌ನಿಂದ ಒಬ್ಬರು ಕೇಳಿದರು, "ಗೃಹಪ್ರವೇಶ ಯಾವಾಗ ಸರ್?" ಎಸ್ಕಿಲ್‌ಸ್ಟುನಾದವರು ಬರೆದರು, "ರೀಸೇಲ್ ವ್ಯಾಲ್ಯೂ ಚೆನ್ನಾಗಿರುತ್ತೆ, ಬಿಡಬೇಡಿ." ಕ್ಲಬ್ಬಿನ ಜಾಗ ಅದು! ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗಿಲ್ಲ. ಆದರೂ ನಮಗೆ ರೀಸೇಲ್ ಚಿಂತೆ. ನಮ್ಮ ರಕ್ತದಲ್ಲೇ ಒಬ್ಬ ಬ್ರೋಕರ್ ಕೂತಿದ್ದಾನೆ ಕಣ್ರೀ.

ಅಷ್ಟು ದಿನ ಕ್ಲಬ್ಬಿನ ಅತಿಥಿಗಳ ಜಾಗದಲ್ಲಿ ಕಟ್ಟಿದ್ದ ದೋಣಿಯನ್ನು ತಂದು ಕಟ್ಟಿ ನೋಡೋಣ ಎಂದೆ. ಆಗ ಶುರುವಾಯಿತು ನೋಡಿ.

ಇಲ್ಲಿ ಸಮುದ್ರದ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದಲೇ ಬೀಸುತ್ತೆ. ನಮ್ಮ ಪೂರ್ವ ದಿಕ್ಕಿನ ಬಂಗಾರದ ಜಾಗಕ್ಕೆ ದೋಣಿ ನುಗ್ಗಿಸಿದರೆ ಗಾಳಿ ಬೆನ್ನಿಗೆ. ದೋಣಿಗೆ ಬ್ರೇಕ್ ಇಲ್ಲ. ಇದು ನನಗೆ ಗೊತ್ತಿತ್ತು, ಗಿರೀಶ್‌ಗೆ ಗೊತ್ತಾಗಿದ್ದು ಆಗ. ನಾನು ಚುಕ್ಕಾಣಿ ಹಿಡಿದಿದ್ದೆ, ಮೋಟಾರ್ ರಿವರ್ಸ್‌ಗೆ ಹಾಕಿದೆ, ಗಾಳಿ ಕೇಳಬೇಕಲ್ಲ? ಮುಂದೆ ಹಗ್ಗ ಹಿಡಿದು ನಿಂತ ಗಿರೀಶ್ "ಏಯ್ ಏಯ್ ಏಯ್!" ಎಂದರು. ಜೆಟ್ಟಿಯ ಮೇಲಿದ್ದ ಅದ್ವೈತ ಎರಡೂ ಕೈ ಚಾಚಿ ದೋಣಿಯನ್ನು ತಡೆಯಲು ನಿಂತ. ಅಷ್ಟರಲ್ಲಿ ಯಾವುದೋ ಹಡಗು ಎಬ್ಬಿಸಿದ ಅಲೆ ಬಂತು. ಢಬ್! ಗಿರೀಶ್ ಕೂತಿದ್ದು ಹಗ್ಗದ ಸುರುಳಿಯ ಮೇಲೆ.

ಯಾರಿಗೂ ಏನೂ ಆಗಲಿಲ್ಲ. ದೋಣಿಗೆ ತೂಗುಹಾಕಿದ್ದ ರಬ್ಬರ್ ಬುಗ್ಗೆ ಏಟು ತಿಂದು ನಮ್ಮನ್ನು ಉಳಿಸಿತು. ಗಿರೀಶ್ ಎದ್ದು, ಸೊಂಟ ನೀವಿಕೊಂಡು, "ಪರವಾಗಿಲ್ಲ, ಅಭ್ಯಾಸ ಆಗುತ್ತೆ. ಮೂರು ಜನ ಇದ್ರೆ ಆರಾಮ್" ಎಂದರು.

ಮೂರು ಜನ ಇದ್ದರೆ. ಹಾಗಾದರೆ ನಾನೊಬ್ಬಳೇ ಬಂದರೆ?

ಇಷ್ಟೂ ಹೊತ್ತು ಒಬ್ಬರು ನಮ್ಮನ್ನೇ ನೋಡುತ್ತಾ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಗುನಿಲ್ಲಾ ಅಂತ. ಎಪ್ಪತ್ತು ದಾಟಿದ ಹೆಂಗಸು, ಕ್ಲಬ್ಬಿನ ಹಳೇ ಸದಸ್ಯೆ. ಅವರ ದೋಣಿ ಇರುವುದು ಆ ಕಸದ ಶೆಡ್ಡಿನ ಪಕ್ಕದ ಸಾಲಿನಲ್ಲೇ. ನಮ್ಮೂರಾಗಿದ್ದರೆ ಈ ಹೊತ್ತಿಗೆ ಹತ್ತು ಜನ ಸೇರಿ, "ಎಡಕ್ಕೆ ತಗೊಳ್ಳಿ, ಬಲಕ್ಕೆ ತಗೊಳ್ಳಿ, ಬರ್ಲಿ ಬರ್ಲಿ ಬರ್ಲಿ" ಅನ್ನುತ್ತಿದ್ದರು. ಇಲ್ಲಿ ಹಾಗಲ್ಲ. ನೀವಾಗಿ ಕೇಳುವವರೆಗೂ ತುಟಿ ಬಿಚ್ಚುವುದಿಲ್ಲ. ನೀವು ಮುಳುಗುತ್ತಿದ್ದರೂ, ಮುಳುಗುವುದೇ ನಿಮ್ಮ ಇಷ್ಟವಿರಬಹುದು ಅಂತ ಗೌರವಿಸುತ್ತಾರೇನೋ!

ನಾನೇ ಹೋಗಿ ಕೇಳಿದೆ. "ನಿಮಗೆ ಅಷ್ಟು ವರ್ಷದ ಸೀನಿಯಾರಿಟಿ ಇದೆ. ತುದಿಯ ಜಾಗ ಬಿಟ್ಟು ಇಲ್ಲಿ, ಕಸದ ಪಕ್ಕ ಯಾಕಿದ್ದೀರಿ?"

ಅವರು ನನಗೂ ಒಂದು ಲೋಟ ಕಾಫಿ ಬಗ್ಗಿಸಿದರು. ಫಿಕಾ (ಕೂತು ಕಾಫಿ ಕುಡಿಯುವ ಇಲ್ಲಿನ ಶಾಸ್ತ್ರ) ಇಲ್ಲದೆ ಇಲ್ಲಿ ಯಾವ ಗುಟ್ಟೂ ಹೊರಬರುವುದಿಲ್ಲ.

"ನಾನು ಒಬ್ಬಳೇ ಹೋಗೋದು" ಎಂದರು. "ನನ್ನ ಗಂಡನಿಗೆ ದೋಣಿ ಆಗಲ್ಲ. ಅವನು ಮನೆಯಲ್ಲಿ ಬ್ರೆಡ್ ಮಾಡ್ತಾನೆ. ಇಲ್ಲಿ ಗಾಳಿ ಎದುರಿನಿಂದ ಬರುತ್ತೆ. ದೋಣಿ ತಾನಾಗಿ ನಿಲ್ಲುತ್ತೆ. ನಾನು ಇಳಿದು ಕಟ್ತೀನಿ. ಮನೆಗೆ ಹೋಗೋ ಹೊತ್ತಿಗೆ ಬ್ರೆಡ್ ಬಿಸಿ ಇರುತ್ತೆ."

ಅಷ್ಟೇ. ನೀನು ಇದನ್ನು ತಗೋ, ಅದನ್ನು ಬಿಡು ಅಂತ ಒಂದು ಮಾತಿಲ್ಲ.

ನಾನು ಓಡೋಡಿ ಬಂದು ದೋಣಿಯನ್ನು ಬಂಡೆಯ ಮರೆಗೆ ತಿರುಗಿಸಿದೆ. ಬಂಡೆ ಗಾಳಿಯ ಅರ್ಧ ಸೊಕ್ಕು ಮುರಿದಿತ್ತು. ಉಳಿದ ಗಾಳಿ ಮುಖಕ್ಕೆ ಬಡಿದು, ದೋಣಿ ತನ್ನಷ್ಟಕ್ಕೆ ನಿಧಾನವಾಗಿ, ಇನ್ನೂ ನಿಧಾನವಾಗಿ ಒಳಗೆ ಬಂದು ನಿಂತೇ ಬಿಟ್ಟಿತು. ಗಿರೀಶ್ ಹಗ್ಗ ಎತ್ತಿಕೊಳ್ಳುವಷ್ಟರಲ್ಲಿ ನಾನು ಇಳಿದು ಕಟ್ಟಿಯಾಗಿತ್ತು.

"ಇದೇ" ಎಂದೆ.

"ಯಾವುದು?"

"ಇದೇ ಜಾಗ ರೀ. ನನಗೆ ಇದೇ ಬೇಕು."

"ಹುಚ್ಚು ಹಿಡೀತಾ? ಗ್ರೂಪಲ್ಲಿ ಫೋಟೊ ಹಾಕಾಗಿದೆ! ನಾಳೆ ಜನ ಬಂದ್ರೆ ಏನು ತೋರ್ಸೋದು? ಬಂಡೆನಾ? ಕಸದ ಡಬ್ಬಿನಾ? ಅಲ್ಲಿ ನಾವು ಮೂವರೂ..."

"ರೀ, ನನಗೆ ಒಬ್ಬಳೇ ಹೋಗಬೇಕು."

ಹೇಳಿಬಿಟ್ಟೆ. ಎಷ್ಟು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತೋ. ಗಿರೀಶ್ ಮುಖ ಚಿಕ್ಕದಾಯಿತು. ಅದ್ವೈತ ತಕ್ಷಣ ಫೋನಿನೊಳಗೆ ತಲೆ ಹಾಕಿದ.

"ನಾನು ಬೇಡ್ವಾ?" ಎಂದರು, ಮೆಲ್ಲಗೆ.

ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ? ಹೊಟ್ಟೆ ತೊಳಸಿಕೊಂಡು, ಶುಂಠಿ ಚೀಪಿಕೊಂಡು, ಈಜು ಬಾರದ ಮನುಷ್ಯ ಪ್ರತಿ ಸಲ ನನ್ನ ಜೊತೆ ಆ ನೀರಿಗೆ ಬರುತ್ತಿದ್ದರಲ್ಲ, ಅದು ಪ್ರೀತಿಯಲ್ಲದೆ ಮತ್ತೇನು?

"ನೀವು ಬೇಕು ರೀ. ದೋಣಿಯಲ್ಲಿ ಬೇಡ. ದಡದಲ್ಲಿ ಬೇಕು."

ಮನೆಗೆ ಬಂದು ಊಟಕ್ಕೆ ಕೂತೆವು. ಗಿರೀಶ್ ಸಾರಿಗೆ ಉಪ್ಪು ಕಡಿಮೆ ಅಂತಲೂ ಹೇಳಲಿಲ್ಲ. (ಕಡಿಮೆ ಇತ್ತು.) ನನಗೂ ಪಿಚ್ಚೆನಿಸಿತು. ಬೇಡ, ತುದಿಯ ಜಾಗವನ್ನೇ ತಗೊಳ್ಳೋಣ, ಮನೆಯ ನೆಮ್ಮದಿ ಮುಖ್ಯ ಅಂತ ಬಾಯಿ ತುದಿಗೆ ಬಂದಿತ್ತು. ನಾವು ಹೆಂಗಸರು ಇಂಥ ಎಷ್ಟು ಜಾಗಗಳನ್ನು ಹೀಗೆ ಊಟದ ಟೇಬಲ್ ಮೇಲೆ ಬಿಟ್ಟುಕೊಟ್ಟಿದ್ದೇವೋ! ಈ ಸಲ ಬಾಯಿಗೆ ತುತ್ತು ಹಾಕಿಕೊಂಡು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಗಿರೀಶ್ ನನ್ನ ಲೈಫ್ ಜಾಕೆಟ್ಟನ್ನು ಹಿಡಿದು ಅದರ ಒಂದೊಂದು ಬಕಲ್ಲನ್ನೂ ಎಳೆದೆಳೆದು ನೋಡುತ್ತಿದ್ದರು. ಕಾರ್ ಫ್ಯಾಕ್ಟರಿಯಲ್ಲಿ ಸೀಟ್ ಬೆಲ್ಟ್ ಪರೀಕ್ಷೆ ಮಾಡುವ ಹಾಗೆ.

"ಫೋನ್ ಚಾರ್ಜ್ ಮಾಡಿದೀಯಾ?"

"ಹೂಂ."

"ಆ ಎದುರಿನ ದ್ವೀಪದವರೆಗೆ ಮಾತ್ರ. ಅದರಾಚೆ ಬೇಡ."

"ಹೂಂ ರೀ."

"ನಾನು ಬೆಂಚ್ ಮೇಲೆ ಕೂತಿರ್ತೀನಿ. ಹಗ್ಗ ಹಿಡಿಯೋಕೆ ಬರಲ್ಲ. ನೀನೇ ಕಟ್ಕೋ."

ಹೋದೆ. ಒಬ್ಬಳೇ. ಹಾಯಿ ಬಿಚ್ಚಿದೆ, ಮೋಟಾರ್ ಆಫ್ ಮಾಡಿದೆ. ಆಮೇಲೆ ಬರೀ ನೀರಿನ ಸದ್ದು. ಏನು ಮಾಡಿದೆ ಅಂತ ಕೇಳುತ್ತೀರಾ? ಏನೂ ಇಲ್ಲ. ಜೋರಾಗಿ ಹಾಡು ಹೇಳಿದೆ, ಶ್ರುತಿ ಇಲ್ಲದೆ. ಡಬ್ಬಿ ತೆಗೆದು ಚಕ್ಕುಲಿ ತಿಂದೆ, ಯಾರಿಗೂ ಕೊಡದೆ. ಒಂದು ಸಲ ಸುಮ್ಮಸುಮ್ಮನೆ ನಕ್ಕೆ. ಖುಷಿ ಅಂದರೆ ಖುಷಿ! ದ್ವೀಪ ಹತ್ತಿರ ಬಂದಾಗ ಅದರಾಚೆ ಹೋಗುವ ಆಸೆ ಆಯಿತು. ಹೋಗಲಿಲ್ಲ. ಮಾತು ಮಾತೇ.

ವಾಪಸ್ ಬರುವಾಗ ದೂರದಿಂದಲೇ ಕಂಡರು ಗಿರೀಶ್. ಕಸದ ಶೆಡ್ಡಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಾರೆ, ನೆಟ್ಟಗೆ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಾರೆ! ಎಲ್ಲಿ ತಾವಾಗಿ ಎದ್ದು ಹಗ್ಗ ಹಿಡಿದುಬಿಡುತ್ತವೋ ಅಂತ. ಪಕ್ಕದಲ್ಲಿ ಗುನಿಲ್ಲಾ. ಮಧ್ಯದಲ್ಲಿ ಫ್ಲಾಸ್ಕು.

ಗಾಳಿ ಎದುರಿನಿಂದ ಬಂತು. ದೋಣಿ ನಿಧಾನವಾಯಿತು, ನಿಂತಿತು. ಇಳಿದೆ, ಕಟ್ಟಿದೆ. ಗಂಟು ಸರಿಯಾಗಿ ಬಿತ್ತು.

"ನಾಟ್ ಬ್ಯಾಡ್" ಅಂದರು ಗಿರೀಶ್, ತೊಡೆಯ ಕೆಳಗಿಂದ ಕೈ ತೆಗೆಯುತ್ತಾ. ಅವರ ಕಣ್ಣೂ ಒದ್ದೆ. ಗಾಳಿಗೆ ಅಂತೆ. ಆಮೇಲೆ ಅವರೇ ಕ್ಲಬ್ಬಿಗೆ ಫೋನ್ ಮಾಡಿ ಬಂಡೆ ಪಕ್ಕದ ಜಾಗ ನಮ್ಮದು ಅಂದರು. ವಾಟ್ಸ್ಯಾಪ್ ಗುಂಪಿಗೆ ಬಂಡೆಯ ಫೋಟೊ ಹಾಕಿ, "ರಾಕ್ ವ್ಯೂ, ವಾಕಿಂಗ್ ಡಿಸ್ಟನ್ಸ್ ಟು ಎಲ್ಲಾ ಫೆಸಿಲಿಟೀಸ್" ಅಂತ ಬರೆದರು. ಹೇಳಿದೆನಲ್ಲ, ರಕ್ತದಲ್ಲೇ ಬ್ರೋಕರ್!

ನಾವು ಮನೆ, ಸೈಟ್, ಸ್ಕೂಲ್, ಸಂಬಂಧ ಎಲ್ಲವನ್ನೂ ಆರಿಸುವುದು ನೋಡಿದವರು ಏನಂತಾರೆ ಅಂತ. ಅಲ್ಲಿಂದ ನಮಗೆ ಸಲೀಸಾಗಿ ಹೊರಡೋಕೆ ಆಗುತ್ತಾ, ಸಲೀಸಾಗಿ ವಾಪಸ್ ಬರೋಕೆ ಆಗುತ್ತಾ ಅಂತ ಎಷ್ಟು ಜನ ಕೇಳಿಕೊಂಡಿದ್ದೀವಿ?

ಸಂಜೆ ಅಮ್ಮ ಫೋನ್ ಮಾಡಿದರು. ಪಶ್ಚಿಮ ದಿಕ್ಕಿನ ವಿಷಯ ಕೇಳಿ ಮೊದಲು ಬೈದರು, ಒಂದು ನಿಂಬೆಹಣ್ಣು ಕಟ್ಟು ಅಂದರು. ಆಮೇಲೆ ನಾನು ದ್ವೀಪದವರೆಗೂ ಹೋಗಿಬಂದೆ ಅಂದಾಗ ಗಾಬರಿಯಾಗಿ ಅದೇ ಪ್ರಶ್ನೆ ಕೇಳಿದರು.

"ಅಯ್ಯೋ, ಜೊತೆಗೆ ಯಾರಿದ್ರೇ?"

"ನಾನಿದ್ನಲ್ಲಮ್ಮಾ!"