ನಮಗಿಂತ ಮೊದಲು ಹೊರಟವರು

ದೆವ್ವ, ಶಕುನ, ಮುಹೂರ್ತ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ದೊಡ್ಡ ವಿಚಾರವಂತನೆಂದು ಹೇಳಿಕೊಳ್ಳಲು ಈ ಮಾತು ಬರೆಯುತ್ತಿಲ್ಲ. ಕಣ್ಣಿಗೆ ಕಾಣುವ ಸಂಗತಿಗಳಿಗೇ ಹೆದರಿ ಮುಗಿಯದವನಿಗೆ ಕಾಣದವುಗಳಿಗೆ ಹೆದರಲು ಪುರಸತ್ತೇ ಇರಲಿಲ್ಲ, ಅಷ್ಟೇ. ನಾನು ರಾಯಚೂರಿನಲ್ಲಿ ವಿಮಾ ಏಜೆಂಟ್. ಇನ್ನೊಬ್ಬರ ಪಡಸಾಲೆಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ, ನಾಳೆ ನಿಮಗೇನಾದರೂ ಆದರೆ ಎಂದು ಕೇಳುವುದು ನನ್ನ ಕಸುಬು. ಆ ಪ್ರಶ್ನೆಯನ್ನು ಗಿರಾಕಿಗಳಿಗಿಂತ ಹೆಚ್ಚು ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿ ಗಿರಿಜಾಳೂ ಥಾಯ್ಲೆಂಡ್, ಮಲೇಶಿಯಾ, ಸಿಂಗಪುರ ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಿ ಬಂದೆವು. ಅಂದಿನಿಂದ ಗಂಡ ಹೆಂಡತಿ ಜೋಡಿಯಾಗಿ ಹೊರದೇಶಕ್ಕೆ ಹೊರಟ ಪರಿಚಯದವರೆಲ್ಲ ನನ್ನನ್ನು ಕೇಳಲು ಬರುತ್ತಾರೆ. ನಾನೂ ಬೇಸರವಿಲ್ಲದೆ ಹೇಳುತ್ತೇನೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಿದೆಯೇ ಎಂದು ನೋಡುವಾಗ ಮೊದಲ ದೇಶಕ್ಕೆ ಕಾಲಿಡುವ ದಿನದಿಂದ ಲೆಕ್ಕ ಹಾಕಬೇಡಿ, ಕೊನೆಯ ದೇಶಕ್ಕೆ ಕಾಲಿಡುವ ದಿನದಿಂದ ಹಾಕಿ. ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗಳಲ್ಲಿ ಹಂಚಿ ಹಾಕಿ. ಒಂದು ಕಳೆದರೂ ಇಬ್ಬರಿಗೂ ಉಡಲು ಏನಾದರೂ ಉಳಿದಿರುತ್ತದೆ. ಬಿ.ಪಿ. ಗುಳಿಗೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆಗೆ. ಒಂದು ದೇಶದಿಂದ ಇನ್ನೊಂದಕ್ಕೆ ದಾಟುವ ದಿನ ನೋಡುವುದು ಮಾಡುವುದು ಏನನ್ನೂ ಇಟ್ಟುಕೊಳ್ಳಬೇಡಿ, ಆ ದಿನವನ್ನು ವಿಮಾನ ನಿಲ್ದಾಣಗಳೇ ನುಂಗುತ್ತವೆ. ಇಳಿದ ಊರಿನಿಂದಲೇ ಮರಳಬೇಕೆಂದೇನೂ ಇಲ್ಲ. ಬ್ಯಾಂಕಾಕಿಗೆ ಹೋಗಿ ಸಿಂಗಪುರದಿಂದ ಹೈದರಾಬಾದಿಗೆ ಬರುವಂತೆ ಟಿಕೆಟ್ ಮಾಡಿಸಬಹುದು. ಮುಖ್ಯವಾಗಿ, ಇಬ್ಬರೂ ತಮಗೆ ಬೇಕಾದ ಒಂದೊಂದು ಜಾಗ ಆರಿಸಿಕೊಳ್ಳಿ. ಅದಕ್ಕೆ ಇನ್ನೊಬ್ಬರು ತಕರಾರು ತೆಗೆಯಬಾರದು.

ಇಷ್ಟು ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ. ನಾವು ಹೊರಡುವ ಮುಂಚೆ ನಡೆದದ್ದನ್ನು ಮಾತ್ರ ಹೇಳುವುದಿಲ್ಲ. ಹೇಳುವಾಗ ಎದುರಿಗಿದ್ದವರ ಮುಖ ನೋಡಬೇಕಾಗುತ್ತದೆ. ಓದುವವರ ಮುಖ ಕಾಣುವುದಿಲ್ಲವಾದ್ದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಪ್ರವಾಸ ಗಿರಿಜಾಳ ಆಸೆ. ಮದುವೆಯಾದಾಗಿನಿಂದ ಅವಳ ತಿರುಗಾಟವೆಂದರೆ ರಾಯಚೂರಿನಿಂದ ತವರಾದ ದೇವದುರ್ಗಕ್ಕೆ, ದೇವದುರ್ಗದಿಂದ ಮತ್ತೆ ರಾಯಚೂರಿಗೆ. ಸಮುದ್ರದಲ್ಲಿ ದೋಣಿಯ ಮೇಲೆ ಕೂತು ದಡ ಕಾಣದಷ್ಟು ದೂರ ಹೋಗಬೇಕು ಎಂದು ಅವಳು ಒಮ್ಮೆ ಅಂದದ್ದನ್ನು ನಾನು ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಅವಳ ಕೂದಲು ನೆರೆಯುವವರೆಗೆ ತಳ್ಳಿಕೊಂಡು ಬಂದಿದ್ದೆ. ಕೊನೆಗೆ ಟಿಕೆಟ್ ಮಾಡಿಸಿದಾಗ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ನಾನು ಮನಸ್ಸು ಬದಲಿಸಬಹುದೆಂದು ಹಾಗೆ ಮಾಡಿದಳಂತೆ. ಅವಳಿಗೆ ನನ್ನ ಪರಿಚಯ ಚೆನ್ನಾಗಿಯೇ ಇತ್ತು.

ನಮ್ಮ ಟಿಕೆಟ್ ಬಿದ್ದದ್ದು ಅಮಾವಾಸ್ಯೆಯ ದಿನ. ನಾನು ಅದನ್ನು ಗಮನಿಸಿರಲೂ ಇಲ್ಲ. ಮಾನ್ವಿಯಲ್ಲಿರುವ ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ, ನಾನು ಫೋನಿನಲ್ಲಿ ದಿನ ಹೇಳಿದಾಗ ಕ್ಯಾಲೆಂಡರ್ ನೋಡಿ ಹೌಹಾರಿದಳು. ನಮ್ಮ ಕಡೆ ಇದಕ್ಕೆ ಒಂದು ಉಪಾಯವಿದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ಉಡುವ ಬಟ್ಟೆ, ಒಂದಿಷ್ಟು ಅಕ್ಕಿ, ಅರಿಸಿನದ ಕೊಂಬು ಕಟ್ಟಿದ ಗಂಟನ್ನು ಬೇರೊಬ್ಬರ ಮನೆಯಲ್ಲಿ ಇಟ್ಟು ಬರಬೇಕು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಅಲ್ಲಿಗೇ ಶುರುವಾದಂತೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಆದರೆ ಆ ಗಂಟನ್ನು ಮರಳಿ ಮನೆಗೆ ತರಬಾರದು. ತಂದರೆ ಪ್ರಯಾಣ ಮುರಿದಂತೆ.

ಚಿಗವ್ವನ ಮನೆಯಲ್ಲೇ ಇಡುವುದೆಂದಾಯಿತು. ಹೈದರಾಬಾದ್ ರಾಯಚೂರಿನಿಂದ ಒಂದು ದಿಕ್ಕಿಗಿದ್ದರೆ ಮಾನ್ವಿ ಅದಕ್ಕೆ ತದ್ವಿರುದ್ಧ ದಿಕ್ಕಿಗಿದೆಯಲ್ಲ ಎಂದು ನಾನು ಕೊಕ್ಕೆ ತೆಗೆದೆ.

"ಹಾದಿ ದೇವರಿಗಿ ಗೊತ್ತದ. ನೀ ಗಂಟು ಇಟ್ಟು ಚಾ ಕುಡದು ಹೋಗು," ಎಂದಳು ಚಿಗವ್ವ.

ಗಂಟನ್ನು ಅವಳ ಮನೆಯ ದೇವರ ಜಗಲಿಯ ಪಕ್ಕ ಇಟ್ಟು ಬಂದೆವು. ಹೊರಡುವ ದಿನ ಮಾನ್ವಿಗೆ ಬಂದು ಅದನ್ನೆತ್ತಿಕೊಂಡು ಅಲ್ಲಿಂದಲೇ ಕಾರಿನಲ್ಲಿ ಹೈದರಾಬಾದಿಗೆ ಹೋಗುವುದೆಂದು ಮಾತಾಯಿತು. ಬರುವಾಗ ಬಸ್ಸಿನಲ್ಲಿ ನಾನು ಇದನ್ನೆಲ್ಲ ಹಾಸ್ಯ ಮಾಡಿದೆ. ಗಿರಿಜಾ ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತಿದ್ದಳು.

ಹೊರಡುವ ದಿನ ಹತ್ತಿರ ಬಂದಂತೆ ನನ್ನ ಹೆದರಿಕೆಗಳು ಒಂದೊಂದಾಗಿ ತಲೆ ಎತ್ತಿದವು. ವಿಮಾನ ಅಲ್ಲಾಡಿದರೆ, ಪಾಸ್‌ಪೋರ್ಟ್ ಕಳೆದರೆ, ಭಾಷೆ ತಿಳಿಯದ ಊರಿನ ಆಸ್ಪತ್ರೆಯಲ್ಲಿ ನನ್ನ ಉಸಿರು ನಿಂತು ಗಿರಿಜಾ ಒಬ್ಬಳೇ ಹೆಣ ತರಬೇಕಾಗಿ ಬಂದರೆ. ಹೋಗುವುದು ಬೇಡ ಎಂದು ಅವಳಿಗೆ ನೇರವಾಗಿ ಹೇಳುವ ಧೈರ್ಯವಿರಲಿಲ್ಲ. ಆಗ ಹೊಳೆದ ಉಪಾಯವನ್ನು ಬರೆಯಲು ಈಗಲೂ ಕೈ ಹಿಂದೆ ಸರಿಯುತ್ತದೆ. ಶಾಸ್ತ್ರ ನಂಬದ ನಾನು ಮಾನ್ವಿಗೆ ಹೋಗಿ, ಗಿರಿಜಾ ಬೇರೆ ಸೀರೆ ಇಡುತ್ತಾಳಂತೆ ಎಂದು ಚಿಗವ್ವನಿಗೆ ನೆಪ ಹೇಳಿ, ಗಂಟನ್ನು ಮನೆಗೆ ತರುವುದು. ಚಿಗವ್ವನಿಗೆ ಕೆಟ್ಟ ಕನಸು ಬಿತ್ತಂತೆ, ಗಂಟು ತಿರುಗಿ ಕಳಿಸಿದಳು ಎಂದು ಗಿರಿಜಾಳಿಗೆ ಹೇಳುವುದು. ಅವಳು ನಂಬುವವಳು. ಅಳುತ್ತಾಳೆ, ಆದರೆ ಹೊರಡುವುದಿಲ್ಲ.

ಗಿರಿಜಾ ತನ್ನ ಅಕ್ಕನಿಗೆ ಹೇಳಿಬರಲು ದೇವದುರ್ಗಕ್ಕೆ ಹೋದ ದಿನ ನಾನು ಮಾನ್ವಿಯ ಬಸ್ಸು ಹತ್ತಿದೆ. ಕೈಯಲ್ಲಿ ಗಂಟು ಹಾಕಿಕೊಳ್ಳಲು ಒಂದು ಖಾಲಿ ಚೀಲ. ಮಧ್ಯಾಹ್ನದ ಬಿಸಿಲಿಗೆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಚಿಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯ ಹರಳು ಆರಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು.

"ಮತ್ತೇನು ಮರ್ತು ಬಂದ್ಯೋ ಯಪ್ಪಾ?"

ಒಳಗಿನಿಂದ ಅವಳ ಸೊಸೆ ರೇಖಾ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕಾರನ್ನ ಎಲ್ಲಿ ಬಿಟ್ರಿ ಭಾವಾರ? ಬಸ್ ಸ್ಟ್ಯಾಂಡಿನ್ಯಾಗ ಕುಂದ್ರಿಸಿ ಬಂದ್ರೇನು?"

ಗಿರಿಜಾ ಮುಂಜಾನೆಯಿಂದ ದೇವದುರ್ಗದಲ್ಲಿದ್ದಾಳೆ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಚಾಷ್ಟಿ ಮಾಡಬ್ಯಾಡ," ಎಂದಳು ಚಿಗವ್ವ. "ಈಗರೆ ಇಬ್ಬರೂ ಕೂಡಿ ಬಂದು ಗಂಟು ಒಯ್ದೀರಿ. ತಡಿಯಾಕ ಆಗವಲ್ದು ಚಿಗವ್ವ, ಹೊಂಟ್ವಿ ಅಂದಿ. ಇದೇ ಹೊರಸಿನ ಮ್ಯಾಲ ಅಕಿನ್ನ ಕುಂದ್ರಿಸಿ ನಾನ ಉಡಿ ತುಂಬೀನಿ."

ನಾನು ಒಳಗೆ ಹೋಗಿ ದೇವರ ಜಗಲಿಯ ಪಕ್ಕ ನೋಡಿದೆ. ಗಂಟು ಇರಲಿಲ್ಲ. ಅದಿದ್ದ ಜಾಗದಲ್ಲಿ ನಾಲ್ಕು ಅಕ್ಕಿ ಕಾಳು ಬಿದ್ದಿದ್ದವು. ಬಚ್ಚಲ ಹತ್ತಿರ ತೊಳೆಯದ ಚಹಾದ ಕಪ್ಪುಗಳಿದ್ದವು. ಮಂಚದ ಕೆಳಗೆ, ಅಕ್ಕಿ ಚೀಲಗಳ ಹಿಂದೆ, ಎಲ್ಲ ಕಡೆ ಹುಡುಕಿದೆ. ಅತ್ತೆ ಸೊಸೆ ಇಬ್ಬರೂ ನಾನು ಹುಡುಕುವುದನ್ನು ನೋಡುತ್ತ ನಿಂತಿದ್ದರು.

ಚಿಗವ್ವನಿಗೆ ಕಣ್ಣು ಮಂಜಾಗಿರಬಹುದೆನ್ನಲು ಅವಳು ನನ್ನೆದುರಿಗೇ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದವಳು. ರೇಖಾ ಅಂತೂ ಚಿಕ್ಕ ವಯಸ್ಸಿನವಳು. "ಯಾವಾಗ್ಲೂ ಅರ್ಧ ಚಮಚಾ ಸಕ್ಕರಿ ಅಂತೀರಿ," ಎಂದಳು ಅವಳು. "ಇವತ್ತು ಡಬ್ಬಿ ಇಸ್ಕೊಂಡು ನೀವ ಎರಡೆರಡು ಸಲ ಹಾಕ್ಕೊಂಡ್ರಿ. ಅಕ್ಕಾರಿಗಿ ನಾ ಅಂದೆ, ಹೊರದೇಶ ಅಂದ್ರ ಭಾವಾರಿಗಿ ಸಕ್ಕರಿ ರೋಗ ಹೆದರಿ ಓಡಿ ಹೋಗ್ಯದ ಅಂತ."

"ಅಷ್ಟು ನಕ್ಕಿದ್ದು ನಾ ನೋಡಿದ್ದು ನೀ ಸಣ್ಣಾಂವ ಇದ್ದಾಗ," ಎಂದಳು ಚಿಗವ್ವ. "ಅಕಿ ಕಿವ್ಯಾಗ ಏನೋ ಅಂದಿ. ಅಕಿ ಸೆರಗು ಬಾಯಿಗಿ ಒತ್ತಿಗೊಂಡು ನಕ್ಕಳು. ನನಗೂ ಹೇಳೋ ಅಂದ್ರ, ಇದು ನಮ್ಮಿಬ್ಬರದು ಚಿಗವ್ವ ಅಂದಿ."

ಹೇಳುತ್ತ ಹೇಳುತ್ತ ಅವಳ ಮುಖ ಅರಳಿತ್ತು. ಬಂದವನು ಅವಳಿಗೆ ಬಹಳ ಹಿಡಿಸಿದ್ದ.

ನನ್ನ ತಮಾಷೆ ಬಯಲು ಮಾಡುತ್ತೇನೆಂದು ಚಿಗವ್ವನೇ ಗಿರಿಜಾಳಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಆ ಕಡೆ ಹೆಂಗಸರ ನಗು, ಪಾತ್ರೆಯ ಸದ್ದು. "ನಾ ಇಲ್ಲೇ ಅಕ್ಕನ ಮನ್ಯಾಗ ಹೋಳಿಗಿ ಬೇಯಸಾಕತ್ತೀನಿ ಅತ್ತಿ. ಮಾನ್ವಿಗಿ ಎಲ್ಲಿ ಬಂದೆ ನಾನು?" ಎಂದಳು ಗಿರಿಜಾ. ಅವಳಕ್ಕನ ಧ್ವನಿಯೂ ಕೇಳಿಸಿತು. ಚಿಗವ್ವ ಫೋನನ್ನು ನನ್ನ ಕಡೆ ಚಾಚಿದಳು. ನಾನು ಹಲೋ ಎಂದೆ. ಗಿರಿಜಾ ಕೇಳಿದಳು:

"ನೀವು ಮಾನ್ವಿಗಿ ಯಾಕ ಹೋಗೀರಿ?"

ನನ್ನಂತೆಯೇ ಇರುವ ಒಬ್ಬ ಬಂದು ಹೋದ ಎಂಬುದಕ್ಕಿಂತ ಆ ಪ್ರಶ್ನೆಗೆ ನಾನು ಹೆಚ್ಚು ಬೆವರಿದೆ. ಸುಮ್ಮನೆ ಬಂದೆ ಎಂದೆ. ಅಂಥ ಬಿಸಿಲಿನಲ್ಲಿ ಯಾರೂ ಮಾನ್ವಿಗೆ ಸುಮ್ಮನೆ ಬರುವುದಿಲ್ಲ. ಫೋನು ಇಟ್ಟ ಮೇಲೆ ಚಿಗವ್ವನ ಕಣ್ಣು ನನ್ನ ಖಾಲಿ ಚೀಲದ ಮೇಲೆ ಬಿತ್ತು. "ಗಂಟು ತಿರುಗಿ ಮನಿಗಿ ಒಯ್ಯಾಕ ಬಂದಿದ್ದೇನು?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ರೇಖಾ ನನ್ನ ಮುಖ ನೋಡದೆ ಒಳಗೆ ಹೋದಳು. ಅವಳು ಹಾಗೆ ಒಳಗೆ ಹೋದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಸಂಜೆ ಗಿರಿಜಾ ಮನೆಗೆ ಬಂದಾಗ ಎಲ್ಲವನ್ನೂ ಹೇಳಿದೆ. ಹೇಳದೆ ಬೇರೆ ದಾರಿಯೇ ಇರಲಿಲ್ಲ. ನಾನು ಬಾಯಿ ಬಿಡದಿದ್ದರೆ ಚಿಗವ್ವ ಬಿಡುತ್ತಿದ್ದಳು. ಗಿರಿಜಾ ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬೈಯಲಿಲ್ಲ. ನನ್ನ ಉಪಾಯದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಕಿ ಯಾವ ಸೀರಿ ಉಟ್ಟಿದ್ಲಂತ?" ಎಂದು ಕೇಳಿದಳು.

ಸಾಸಿವೆ ಬಣ್ಣದ್ದು, ಕೆಂಪು ಸೆರಗು ಎಂದು ರೇಖಾ ಹೇಳಿದ್ದಳು. ಗಿರಿಜಾ ಕೈಯಲ್ಲಿದ್ದ ಹೋಳಿಗೆ ಡಬ್ಬಿಯನ್ನು ಕೆಳಗಿಟ್ಟಳು. ಹಿಂದಿನ ವಾರ ರಾಯಚೂರಿನ ಅಂಗಡಿಯಲ್ಲಿ ಅಂಥದೇ ಸೀರೆಯನ್ನು ಮೈಮೇಲೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, ಈ ವಯಸ್ಸಿಗೆ ಚೆಂದ ಕಾಣಲಿಕ್ಕಿಲ್ಲ ಎಂದು ಮಡಚಿ ಕೊಟ್ಟು ಬಂದಿದ್ದಳಂತೆ. ನಾನು ಆಗ ಅಂಗಡಿಯ ಹೊರಗೆ, ಮೋಟಾರ್ ಸೈಕಲ್ ಯಾರಾದರೂ ಒಯ್ದಾರೆಂದು ಕಾಯುತ್ತ ನಿಂತಿದ್ದೆ.

"ಅವರು ಹೋದ್ರು ಅಂತ ನಾವು ಹೋಗಂಗಿಲ್ಲೇನು ಮತ್ತ?" ಎಂದಳು.

ಹೋಗೋಣ ಎಂದೆ. ಧೈರ್ಯ ಬಂದು ಹಾಗೆ ಅಂದದ್ದಲ್ಲ. ನನ್ನನ್ನು ಬಿಟ್ಟು ನಾನೇ ಹೊರಟುಹೋದ ಮೇಲೆ, ಮನೆಯಲ್ಲಿ ಉಳಿದ ಮನುಷ್ಯನಾಗಿ ಅವಳೆದುರು ಕೂತಿರಲು ನಾಚಿಕೆಯಾಯಿತು.

ಮರುದಿನ ಒಬ್ಬನೇ ಮಾನ್ವಿಗೆ ಹೋಗಿ ವಿಚಾರಿಸಿದೆ. ಕಳ್ಳರೆನ್ನೋಣವೆಂದರೆ, ಉಟ್ಟು ಹಳೆಯದಾದ ಬಟ್ಟೆಯ ಗಂಟಿಗೆ ಯಾವ ಕಳ್ಳ ಹೆಂಡತಿಯನ್ನು ಕಟ್ಟಿಕೊಂಡು ಬಂದು ಅವಳಿಗೆ ಉಡಿ ತುಂಬಿಸುತ್ತಾನೆ? ಓಣಿಯ ತುದಿಯ ದರ್ಜಿ ನನ್ನನ್ನು ಬಲ್ಲವನು. "ನಿನ್ನೆ ನೀವ ಕೈ ಎತ್ತಿ ಮಾತಾಡ್ಸಿದ್ರಲ್ರೀ. ಅವ್ವಾರ ಕೈಯಾಗ ಗಂಟಿತ್ತು," ಎಂದ. ಎಷ್ಟು ಹೊತ್ತಿಗೆ ಎಂದು ಕೇಳಿದೆ. ನಾನು ಇನ್ನೂ ಬಸ್ಸಿನಲ್ಲಿದ್ದ ಹೊತ್ತು ಅದು.

ಅಮಾವಾಸ್ಯೆಯ ದಿನವೇ ನಾವು ಹೊರಟೆವು, ಗಂಟಿಲ್ಲದೆ. ಏನೂ ಆಗಲಿಲ್ಲ. ನಾನು ಹೆದರಿದ್ದ ಒಂದೂ ಸಂಗತಿ ನಡೆಯಲಿಲ್ಲ. ಥಾಯ್ಲೆಂಡಿನ ಸಮುದ್ರದಲ್ಲಿ ದೋಣಿ ದಡ ಕಾಣದಷ್ಟು ದೂರ ಹೋಯಿತು. ಗಿರಿಜಾ ಮುಂದೆ ಕೂತು ಗಾಳಿಗೆ ಮುಖ ಕೊಟ್ಟಿದ್ದಳು. ಆ ದಿನ ನಾನೂ ಚಿಗವ್ವನ ಮನೆಗೆ ಬಂದವನಂತೆ ಇರಬೇಕೆಂದು ನಿಶ್ಚಯಿಸಿ ಮುಂಜಾನೆ ಚಹಾಕ್ಕೆ ಹೆಚ್ಚು ಸಕ್ಕರೆ ಹಾಕಿಕೊಂಡಿದ್ದೆ. ದೋಣಿಯಲ್ಲಿ ಅವಳ ಹತ್ತಿರ ಸರಿದು ಕಿವಿಯ ಬಳಿ ಬಾಗಿದೆ. ಏನಾದರೂ ಒಳ್ಳೆಯ ಮಾತು ಬರುತ್ತದೆ ಎಂದು ನಂಬಿದ್ದೆ. ನನ್ನ ಬಾಯಿಂದ ಬಂದದ್ದು, ಪಾಸ್‌ಪೋರ್ಟ್ ಚೀಲದ ಜಿಪ್ಪು ಹಾಕಿದೆಯೇ ನೋಡು ಎಂಬ ಮಾತು. ಅವಳು ಜಿಪ್ಪು ಮುಟ್ಟಿ ನೋಡಿ, ಹಾಕಿದೆ ಎಂದಳು. ಮತ್ತೆ ನೀರಿನ ಕಡೆ ತಿರುಗಿದಳು.

ಈಗಲೂ ಮಾನ್ವಿಗೆ ಹೋದಾಗ ಗಿರಿಜಾ ಆ ದಿನದ ಕಥೆ ಹೇಳೆಂದು ಚಿಗವ್ವನನ್ನು ಕೇಳುತ್ತಾಳೆ. ಅವರು ಹೇಗೆ ಬಂದರು, ಎಲ್ಲಿ ಕೂತರು, ಆತ ಏನಂದ, ಆಕೆ ಹೇಗೆ ನಕ್ಕಳು. ಕೇಳುವಾಗ ಅವಳ ಮುಖದಲ್ಲಿ ಹೆದರಿಕೆ ಇರುವುದಿಲ್ಲ. ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ನನಗೆ ಇದು ಅರ್ಥವಾಗಿಲ್ಲ. ಬಿಸಿಲು, ಮುಪ್ಪು, ಮರೆವು ಎಂದೆಲ್ಲ ಬಿಡಿಸಲು ನೋಡಿದ್ದೇನೆ, ಯಾವುದೂ ಹೊಂದಿಕೆಯಾಗುವುದಿಲ್ಲ. ನಾವು ಹೋದೆವು, ಮರಳಿ ಬಂದೆವು. ಅವರು ಮರಳಿದ್ದನ್ನು ಯಾರೂ ನೋಡಿಲ್ಲ.

ಮೊನ್ನೆ ಮಾನ್ವಿಯಿಂದ ಬರುವ ಬಸ್ಸಿನಲ್ಲಿ ಆ ಮಾತನ್ನು ಗಿರಿಜಾಳಿಗೆ ಹೇಳಿದೆ. ಅವರು ಎಂದಾದರೂ ತಿರುಗಿ ಬಂದರೆ ಏನು ಮಾಡುವುದು ಎಂದು ಕೇಳಿದೆ. ನನ್ನ ಚಿಂತೆಗಳಿಗೆ ಕೊನೆಯೆಲ್ಲಿ.

ಅವಳು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತಿದ್ದಳು.

"ಈಗ ಬರೋದು ಬ್ಯಾಡ ಬಿಡ್ರಿ," ಎಂದಳು. "ಇನ್ನೊಂದಿಷ್ಟು ದಿನ ತಿರುಗಲಿ."