ಬೈರಾಸಿನ ಹಿಂದಿನ ಮೀನುಗಳು

ಕಳೆದ ವಾರ ಕಪಾಟಿನಲ್ಲಿ ಹಳೆಯ ಬಟ್ಟೆ ಹುಡುಕುವಾಗ ಒಂದು ಬೈರಾಸು ಸಿಕ್ಕಿತು. ಮೈ ಒರೆಸುವ, ಕೆಂಪು ಗೆರೆಯ, ತೆಳು ಹತ್ತಿಯ ಬೈರಾಸು. ಅದರ ಅಂಚಿಗೆ ಹತ್ತಿದ್ದ ಚಹಾ ಬಣ್ಣದ ಕಲೆ ಎಷ್ಟು ಒಗೆದರೂ ಹೋಗಿಲ್ಲ. ಮೂಗಿಗೆ ಹಿಡಿದೆ. ನೀರಲ್ಲಿ ನೆನೆದ ಕಾಡು ಬಾದಾಮಿ ಎಲೆಯ ವಾಸನೆ ಇನ್ನೂ ಇತ್ತೋ, ಇದೆ ಎಂದು ನನಗೇ ಅನಿಸಿತೋ... ಆಚೆ ಮನೆಯ ಟೀಚರ್ ಎದುರು ಬಂದು ನಿಂತಂತಾಯಿತು.

ನಾನು ಮದುವೆಯಾಗಿ ನರಿಕೊಂಬಿಗೆ ಬರುವಾಗ ಅವರು ಶಾಲೆಯಿಂದ ನಿವೃತ್ತರಾಗಿ ಆಗಿತ್ತು. ವಿಜ್ಞಾನ ಕಲಿಸಿದವರು. ಊರಿಗೆಲ್ಲ ಟೀಚರ್, ನನಗೂ ಟೀಚರ್. ಒಂದು ದಿನ ಅವರ ಚಾವಡಿಯಲ್ಲಿ ಗಾಜಿನ ತೊಟ್ಟಿ ಬಂದು ಕೂತಿತು. ಒಳಗೆ ಮರಳು, ಒಂದು ಚಪ್ಪಟೆ ಕಲ್ಲು, ಸ್ವಲ್ಪ ಗಿಡ, ಕಂದು ನೀರು. ಮೀನು ಮಾತ್ರ ಇಲ್ಲ. ವಾರಗಟ್ಟಲೆ ಇಲ್ಲ. ನೋಡಲು ಬಂದವರೆಲ್ಲ ಬಗ್ಗಿ ಹುಡುಕಿ, ಏನೂ ಕಾಣದೆ ಟೀಚರ ಮುಖ ನೋಡುತ್ತಿದ್ದರು.

"ನೀರು ಹಳತಾಗ್ಬೇಕು ಮಾರಾಯ್ತಿ, ಹೊಸ ನೀರಲ್ಲಿ ಈ ಮೀನು ಬದುಕುವುದಿಲ್ಲ," ಎಂದರು. ಬೋರ್‌ವೆಲ್ ನೀರೂ ಆಗುವುದಿಲ್ಲವಂತೆ. ಸೋಪಿಗೆ ನೊರೆ ಬಾರದ ಗಡಸು ನೀರು ಅದಕ್ಕೆ ಹಿಡಿಸುವುದಿಲ್ಲ. ಬಾವಿಯ ನೀರೇ ಬೇಕು, ಅದರಲ್ಲಿ ಒಣಗಿದ ಬಾದಾಮಿ ಎಲೆ ನೆನೆಯಬೇಕು. ಅಷ್ಟೆಲ್ಲ ಉಪಚಾರ ಯಾವ ಮೀನಿಗೆ ಎಂದು ಕೇಳಿದೆ. ರ‍್ಯಾಮ್ ಸಿಕ್ಲಿಡ್ ಎಂದರು. ಬಂಗುಡೆಯ ಬಾಲದಷ್ಟೂ ಇಲ್ಲದ ಮೀನು.

ಅದನ್ನು ತರಲು ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆವು. ಅಂಗಡಿಯ ತೊಟ್ಟಿಯಲ್ಲಿ ಹಳದಿ ಮುಖ, ಕಣ್ಣಿಗೆ ಅಡ್ಡ ಕಪ್ಪು ಗೆರೆ, ಮೈತುಂಬ ನೀಲಿ ಚುಕ್ಕಿಯ ಪುಟ್ಟ ಮೀನುಗಳು. ನಾನು ಎಲ್ಲಕ್ಕಿಂತ ಹೊಳೆಯುವುದರತ್ತ ಬೆರಳು ತೋರಿಸಿದೆ. ಟೀಚರ್ ತಲೆ ಅಲ್ಲಾಡಿಸಿದರು. ಅತಿಯಾಗಿ ಹೊಳೆಯುವುದಕ್ಕೆ ಬಣ್ಣ ಏರಲೆಂದು ಮದ್ದು ಕೊಟ್ಟಿರುವುದೂ ಉಂಟಂತೆ. ಸುಮ್ಮನೆ ನಿಂತು ನೋಡಿದರು. ಅಂಗಡಿಯವನಿಗೆ ತಾಳ್ಮೆ ತಪ್ಪಿತು.

"ಟೀಚರೇ, ಮೀನು ತಕೊಳ್ಳಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕಾ?"

"ಜೋಡಿಯನ್ನು ನಾನು ಮಾಡುವುದಲ್ಲ ಮಾರಾಯ, ಅವೇ ಮಾಡಿಕೊಂಡಿರ್ತಾವೆ. ಯಾವುದು ಅಂತ ನೋಡ್ತಾ ಇದ್ದೇನೆ."

ಕೊನೆಗೆ ಮೂಲೆಯಲ್ಲಿ ಸ್ವಲ್ಪ ಮಂಕಾಗಿದ್ದ ಎರಡನ್ನು ಆರಿಸಿದರು. ಬೇರೆ ಮೀನು ಹತ್ತಿರ ಬಂದರೆ ಎರಡೂ ಸೇರಿ ಓಡಿಸುತ್ತಿದ್ದವು. ಹೆಣ್ಣಿನ ಹೊಟ್ಟೆ ನಸುಗುಲಾಬಿ. ಗಂಡಿನ ಬೆನ್ನಿನ ರೆಕ್ಕೆಯಲ್ಲಿ ಒಂದು ಎಳೆ ಉದ್ದ. ಮನೆಗೆ ಬಂದ ಮೇಲೆ ಅವುಗಳ ಬಣ್ಣ ದಿನದಿನಕ್ಕೆ ಏರಿತು. ಟೀಚರ್ ಬಂಗುಡೆ ಸಾರಿನ ಊಟವನ್ನು ಬಿಟ್ಟವರಲ್ಲ. ಆದರೆ ಅಂದಿನಿಂದ ತೊಟ್ಟಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು.

ಅವರಿಗೆ ಒಂದೇ ಒಂದು ಆಸೆಯಿತ್ತು. ಮೀನು ಮೊಟ್ಟೆಯಿಟ್ಟು ಹೋಗಿಬಿಡುತ್ತದೆ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಈ ಜಾತಿಯಲ್ಲಿ ತಾಯಿ ತಂದೆ ಎರಡೂ ನಿಂತು ಮರಿ ಕಾಯುತ್ತವೆ ಎಂದು ಆಮೇಲೆ ಎಲ್ಲೋ ಓದಿದ್ದರು. "ಒಮ್ಮೆ ಕಣ್ಣಾರೆ ನೋಡ್ಬೇಕು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ನಿನಗೆ ಗೊತ್ತುಂಟಲ್ಲ. ತಡ ಮಾಡಿದರೆ ಆಗ್ಲಿಕ್ಕಿಲ್ಲ," ಎಂದಿದ್ದರು.

ಹೆಣ್ಣು ಚಪ್ಪಟೆ ಕಲ್ಲಿನ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನಿಟ್ಟಿತು. ಟೀಚರ್ ಕುರ್ಚಿ ಎಳೆದು ತೊಟ್ಟಿಯ ಎದುರೇ ಕೂತರು. ಭೂತಗನ್ನಡಿ ಹಿಡಿದರು, ಟಾರ್ಚ್ ಹಾಕಿದರು, ನನ್ನನ್ನೂ ಕರೆದರು. ಮರುದಿನ ಕಲ್ಲು ಖಾಲಿ. ತಾವೇ ತಿಂದುಬಿಟ್ಟಿದ್ದವು! ಮತ್ತೆ ಇಟ್ಟವು, ಮತ್ತೆ ತಿಂದವು. ಪ್ರತಿ ಸಲವೂ ಟೀಚರ್ ಇನ್ನಷ್ಟು ಹತ್ತಿರ ಕೂತರು. ಯಾವ ಗಳಿಗೆಯಲ್ಲಿ, ಯಾಕೆ ತಿನ್ನುತ್ತವೆ ಎಂಬುದನ್ನು ಕಂಡುಹಿಡಿಯಲೇಬೇಕಿತ್ತು ಅವರಿಗೆ.

ನವರಾತ್ರಿ ಕಳೆದ ಮೇಲಿನ ಸಂಜೆಗಳು ನಮ್ಮ ಕಡೆ ಗುಡುಗಿನವು. ದೂರದಲ್ಲಿ ಗುರ್ ಎಂದರೆ ಸಾಕು, ಮನೆಮನೆಯಲ್ಲೂ ಪ್ಲಗ್ ಕೀಳುವ ಗಡಿಬಿಡಿ. ವಿಜ್ಞಾನದ ಟೀಚರ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದು. ಅಂಥ ಒಂದು ಸಂಜೆ, ಕಲ್ಲಿನ ಮೇಲೆ ಮತ್ತೆ ಮೊಟ್ಟೆಗಳಿದ್ದಾಗಲೇ, ತೊಟ್ಟಿಯ ದೀಪ, ಫಿಲ್ಟರ್ ಎಲ್ಲದರ ಪ್ಲಗ್ ಕಿತ್ತರು. ಮಿಂಚಿಗೆ ಮೀನುಗಳು ಬೆಚ್ಚಿ ಗಾಜಿಗೆ ಬಡಿಯುವುದನ್ನು ಕಂಡು, ಹಗ್ಗದ ಮೇಲಿದ್ದ ಬೈರಾಸು ತಂದು ಎದುರಿನ ಗಾಜಿಗೆ ಇಳಿಬಿಟ್ಟರು. ಲೈನಿನ ಮೇಲೆ ಮರ ಬಿದ್ದು ಮರುದಿನವೂ ಕರೆಂಟ್ ಬರಲಿಲ್ಲ. ಕತ್ತಲ ತೊಟ್ಟಿಯಲ್ಲಿ ನೋಡುವುದೇನು ಎಂದು ಬೈರಾಸು ಹಾಗೇ ಉಳಿಯಿತು.

ಕರೆಂಟ್ ಬಂದ ಮೇಲೆ ಇಬ್ಬರೂ ಸೇರಿ ಸರಿಸಿದೆವು. ಕಲ್ಲು ಖಾಲಿ. ಟೀಚರ್ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಕಲ್ಲಿನ ಪಕ್ಕದ ಮರಳಿನ ಗುಳಿಯಲ್ಲಿ ಏನೋ ನಡುಗುತ್ತಿರುವುದು ನನಗೆ ಕಂಡಿತು. ಬಾಲ ಬಂದ ಮರಿಗಳು! ಮೇಲೆ ತಂದೆ ಮೀನು ಕಾವಲು ನಿಂತಿತ್ತು. ಹೇಳಿದ್ದೇ ತಡ, ಟೀಚರ್ ಬೈರಾಸನ್ನು ಮತ್ತೆ ಗಾಜಿಗೆ ಇಳಿಬಿಟ್ಟರು.

"ಅಯ್ಯೋ ಮಾರಾಯ್ತಿ, ಅವು ಹಸಿವಿಗೆ ತಿಂದದ್ದಲ್ಲ. ನಾನು ಇಣುಕಿ ಇಣುಕಿ ಹೆದರಿಸಿದ್ದು!"

ಆಮೇಲಿನ ದಿನಗಳಲ್ಲಿ ಅವರನ್ನು ನೋಡಿ ನನಗೆ ನಗು, ಪಾಪ ಎರಡೂ. ತೊಟ್ಟಿಯ ತನಕ ಹೋಗುವುದು, ಬೈರಾಸಿನ ಮಡಿಕೆ ಸರಿ ಮಾಡುವುದು, ತಿರುಗಿ ಬರುವುದು. ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಮೇಲಿನಿಂದ ಆಹಾರ ಉದುರಿಸುವುದು. ಕಣ್ಣು ಮಾತ್ರ ಕಾಯುತ್ತಿರಲಿಲ್ಲ, ಮಂಜಾಗುತ್ತಲೇ ಇತ್ತು.

ಮರಿಗಳು ಈಜಲು ಕಲಿತಿರಬಹುದು ಎಂಬ ಲೆಕ್ಕಕ್ಕೆ ಒಂದು ಬೆಳಿಗ್ಗೆ ಬೈರಾಸಿನ ಮೂಲೆ ಎತ್ತಿದರು. ತುಂಬ ಹೊತ್ತು ನೋಡಿದರು.

"ನನಗೆ ಏನೂ ಕಾಣುವುದಿಲ್ಲ. ಉಂಟಾ?"

"ಉಂಟು ಟೀಚರ್. ಧೂಳಿನ ಹಾಗೆ, ಗುಂಪಾಗಿ."

"ಎದುರು ಯಾರು? ತಾಯಿಯಾ, ತಂದೆಯಾ?"

"ತಾಯಿ. ತಂದೆ ಹಿಂದಿನಿಂದ."

"ಒಂದು ಮರಿ ತಪ್ಪಿಸಿಕೊಂಡರೆ ಎಂತ ಮಾಡ್ತದೆ?"

"ಬಾಯಲ್ಲಿ ಹಿಡಿದು ತಂದು ಗುಂಪಿಗೆ ಉಗುಳ್ತದೆ."

ಟೀಚರ್ ಜೋರಾಗಿ ನಕ್ಕರು. ಪ್ರಶ್ನೆ ಮುಗಿಯಲೇ ಇಲ್ಲ. ನಾನು ಜನ್ಮದಲ್ಲಿ ಯಾವುದನ್ನೂ ಅಷ್ಟು ಗಮನವಿಟ್ಟು ನೋಡಿದವಳಲ್ಲ.

ಮುಂದಿನ ಮಳೆಗಾಲದಲ್ಲಿ ಟೀಚರ್ ತೀರಿಹೋದರು. ಮುಂಡಾಜೆಯ ಅವರ ತಂಗಿ ತೊಟ್ಟಿಯನ್ನು ನನಗೆ ಕೊಟ್ಟರು, ಬೈರಾಸಿನ ಸಮೇತ. ಆ ಜೋಡಿ ಈಗಿಲ್ಲ. ಈಗಿನದ್ದನ್ನು ಮೂಡುಬಿದಿರೆಯಿಂದ ತಂದವಳು ನಾನೇ. ಅಂಗಡಿಯವನ ತಾಳ್ಮೆ ಮತ್ತೊಮ್ಮೆ ತಪ್ಪಿಸಿ, ಮೂಲೆಯ ಮಂಕು ಮೀನುಗಳನ್ನೇ ಆರಿಸಿದೆ. ಕಳೆದ ವಾರ ಅವು ಕಲ್ಲಿನ ಮೇಲೆ ಮೊಟ್ಟೆಯಿಟ್ಟವು. ನಾನು ಬಟ್ಟೆ ಹುಡುಕಿದ್ದು ಅದಕ್ಕೇ.

ಇವತ್ತು ಬೆಳಿಗ್ಗೆ ಬೈರಾಸಿನ ಮೂಲೆ ಎತ್ತಿದೆ. "ಉಂಟು ಟೀಚರ್," ಎಂದು ಬಾಯಿಂದ ಬಂದೇಬಿಟ್ಟಿತು. "ತಾಯಿ ಎದುರು, ತಂದೆ ಹಿಂದಿನಿಂದ..." ಅಷ್ಟು ಹೇಳಿ ನಿಂತೆ. ಮುಂದಿನ ಪ್ರಶ್ನೆ ಬರಲಿಲ್ಲ.