ದಯವಿಟ್ಟು ಚಿಕ್ಕಮ್ಮನ ಟೂ

"ಅಮ್ಮಾ, ಚಿಕ್ಕಮ್ಮ ಇಷ್ಟು ದೊಡ್ಡೋಳಾದ್ರೂ ಯಾಕೆ ಟೂ ಬಿಡ್ತಾಳೆ?"

ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಪುಟ್ಟಿ ಕೇಳಿದಳು. ಅಕ್ಕ ಒಂದು ಕೈಯಲ್ಲಿ ಮಗಳ ಷೂ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಳು. ಫೋನಿನಲ್ಲಿ ತಂಗಿಯ ಮುಖ ಇರಬೇಕಾದ ಕಡೆ ಬರೀ ಬೂದು ಬಣ್ಣದ ವೃತ್ತ. ಹಿಂದಿನ ಸಂಜೆ ಹಾಲು ಉಕ್ಕುತ್ತಿದೆಯೆಂದು ಮಾತಿನ ಮಧ್ಯೆ ಫೋನು ಇಟ್ಟದ್ದಕ್ಕೆ ಅಕ್ಕ ಬ್ಲಾಕ್ ಆಗಿದ್ದಳು.

"ನಮ್ಮ ಕ್ಲಾಸಲ್ಲಿ ಟೂ ಬಿಟ್ರೆ ಊಟದ ಬೆಲ್ ತನಕ ಅಷ್ಟೇ. ಆಮೇಲೆ ಮಾತಾಡ್ಲೇಬೇಕು. ಚಿಕ್ಕಮ್ಮಂಗೆ ಬೆಲ್ ಇಲ್ವಾ?"

"ಇಲ್ಲ ಕಣೇ. ಬಾಯಿ ತೊಳ್ಕೋ," ಎಂದಳು ಅಕ್ಕ.

ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಗಾಜಿನ ಕೋಣೆ, ಬಾಗಿದ ಕತ್ತಿನ ಮೈಕು, ಅದರ ಬುಡದಲ್ಲೊಂದು ಕೆಂಪು ಗುಂಡಿ, ಬಸ್ಸು ಬಂದ ಹೊತ್ತು ಬರೆಯುವ ಉದ್ದ ಪುಸ್ತಕ. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಅವಳು ಶುರು ಮಾಡಿದರೆ ಅಳುತ್ತಿದ್ದ ಕೂಸು ಕೂಡ ಬಾಯಿ ಮುಚ್ಚಿ ಮೇಲೆ ನೋಡುತ್ತಿತ್ತು. ಬಸ್ಸು ಎರಡು ಗಂಟೆ ತಡ ಎಂಬ ಸುದ್ದಿಯನ್ನು ಅವಳ ಬಾಯಲ್ಲಿ ಕೇಳಿದವರು ಬಹುಮಾನ ಬಂದವರ ಹಾಗೆ ತಲೆಯಾಡಿಸಿ ಮತ್ತೆ ಕೂರುತ್ತಿದ್ದರು. ನಿಲ್ದಾಣದವರು ಅವಳಿಗೆ ಇಟ್ಟ ಹೆಸರೇ ದಯವಿಟ್ಟು. "ದಯವಿಟ್ಟು ಬಂದ್ಳಾ?" "ದಯವಿಟ್ಟು ಊಟಕ್ಕೆ ಹೋಗಿದಾಳೆ."

ದಿನಕ್ಕೆ ಇನ್ನೂರು ಸಲ ಕಂಡವರಿಗೆಲ್ಲ ಹಂಚುತ್ತಿದ್ದ ಆ ಪದ ಮನೆಗೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತಿತ್ತು. ಮನೆಯವರ ಮಟ್ಟಿಗೆ ಅವಳಲ್ಲಿ ಇದ್ದದ್ದು ಎರಡೇ ಪ್ಲಾಟ್‌ಫಾರಂ. ಸೋಮವಾರ "ಭಾವ ಅಂದ್ರೆ ಚಿನ್ನ." ಮಂಗಳವಾರ ಅದೇ ಭಾವ ಟೀವಿ ನೋಡುತ್ತ "ಹ್ಞೂಂ" ಅಂದದ್ದಕ್ಕೆ "ಭಾವ ಅಂದ್ರೆ ಕಲ್ಲು." ಪಾಪ, ಅವಳು ಬಂದು ಕರೆಗಂಟೆ ಒತ್ತಿದರೆ ಭಾವ ಚಿಲಕಕ್ಕೆ ಕೈ ಹಾಕುವ ಮುಂಚೆ ಹೆಂಡತಿಯನ್ನು ಪಿಸುದನಿಯಲ್ಲಿ ಕೇಳುತ್ತಿದ್ದ: "ಇವತ್ತು ನಾನು ಚಿನ್ನಾನಾ, ಕಲ್ಲಾ?"

ಹಾಗಂತ ಪುಟ್ಟಿಗೆ ಜ್ವರ ಬಂದಾಗ ಮೂರು ದಿನ ರಜೆ ಹಾಕಿ ಮಂಚ ಬಿಟ್ಟು ಕದಲದವಳೂ ಅವಳೇ. ಟೂ ಬಿಟ್ಟಾಗಲೆಲ್ಲ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ. "ನೀನು ಫೋನ್ ಇಟ್ರೆ ನಂಗೆ ಇಟ್ಟ ಹಾಗೆ ಕೇಳ್ಸಲ್ಲ ಅಕ್ಕಾ, ಬಿಟ್ಟು ಹೋದ ಹಾಗೆ ಕೇಳ್ಸುತ್ತೆ," ಎಂದು ಒಮ್ಮೆ ಮೂಗು ಒರೆಸಿಕೊಳ್ಳುತ್ತ ಹೇಳಿದ್ದಳು. "ಅದಕ್ಕೇ ನಾನೇ ಮೊದ್ಲು ಹೋಗ್ಬಿಡ್ತೀನಿ."

ಪುಟ್ಟಿ ಬೆಲ್ಲಿನ ಪ್ರಶ್ನೆ ಕೇಳಿದ ದಿನವೇ ಮಧ್ಯಾಹ್ನ ನಿಲ್ದಾಣದಲ್ಲಿ ಎಡವಟ್ಟಾಯಿತು. ದಿನಾ ಇವಳ ಜೊತೆ ಊಟ ಮಾಡುತ್ತಿದ್ದ ಟಿಕೆಟ್ ಕೌಂಟರಿನ ಗೆಳತಿ ಅಂದು ಇನ್ಯಾರ ಜೊತೆಗೋ ಹೋಗಿದ್ದಳು. ಇವಳು ಅವಳಿಗೆ ಫೋನು ಹಚ್ಚಿದಳು. ಹಚ್ಚುವ ಮುಂಚೆ ಕೆಂಪು ಗುಂಡಿ ಆರಿಸಲು ಮರೆತಳು.

"ಹೋಗು! ಎಲ್ಲರೂ ಹೋಗಿ! ಒಬ್ಬರೂ ಇಲ್ಲಿ ಇರಬೇಡಿ! ಈಗಲೇ ಹೊರಡಿ!"

ಕೋಪದಲ್ಲೂ ಅವಳ ಉಚ್ಚಾರ ಸ್ಫಟಿಕದಷ್ಟು ಸ್ವಚ್ಛ. ಹನ್ನೆರಡು ಸ್ಪೀಕರುಗಳಲ್ಲಿ ಅದು ಮೊಳಗಿದ್ದೇ ತಡ, ಜನ ಚೀಲ ಎತ್ತಿಕೊಂಡು ಎದ್ದೆವೋ ಬಿದ್ದೆವೋ ಎಂದು ಓಡಿ ಸಿಕ್ಕ ಬಸ್ಸು ಹತ್ತಿದರು. ಡ್ರೈವರುಗಳು ಅರ್ಧ ಚಹಾ ಚೆಲ್ಲಿ ಗಾಡಿ ತೆಗೆದರು. ನಿಲ್ದಾಣ ಕಟ್ಟಿದಂದಿನಿಂದ ಎಲ್ಲ ಬಸ್ಸೂ ಹೊತ್ತಿಗೆ ಮುಂಚೆ ಹೊರಟದ್ದು ಅದೇ ಮೊದಲು.

ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನೋಡಮ್ಮಾ ದಯವಿಟ್ಟು, ಡಾಕ್ಟರ ಹತ್ರ ಹೋಗು. ಅವರು ಹೇಳಿದ ಕಡೆ ಆರು ತಿಂಗಳು ವಾರ ವಾರ ತಪ್ಪದೆ ಹೋಗಿ ಚೀಟಿ ತಂದುಕೊಡು. ಒಂದು ವಾರ ತಪ್ಪಿದ್ರೂ ರೆಕಾರ್ಡ್ ಮಾಡಿರೋ ದನಿ ಹಾಕಿಬಿಡ್ತೀನಿ. ದನಿ ನಿಂದೇ ಇರುತ್ತೆ. ನೀನಿರಲ್ಲ."

ತಾನಿಲ್ಲದೆ ತನ್ನ ದನಿ! ಆ ಮಾತು ತಂಗಿಯ ಎದೆಗೆ ನಾಟಿತು. ಅಕ್ಕನನ್ನು ಬ್ಲಾಕಿನಿಂದ ಬಿಡುಗಡೆ ಮಾಡಿದಳು. ಮರುದಿನ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಡಾಕ್ಟರು ಎರಡು ಮೂರು ಸಲ ಕರೆಸಿ, ಸಾವಧಾನವಾಗಿ ಎಲ್ಲ ಕೇಳಿ, ಕೊನೆಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದರು.

"ಇದರಲ್ಲೂ ನಾನು ಜಸ್ಟ್ ಪಾಸಾ?" ಎಂದಳು ತಂಗಿ.

ಡಾಕ್ಟರು ನಕ್ಕರು. "ಇದು ಹಟ ಅಲ್ಲ, ನಾಟಕ ಅಲ್ಲ. ನಿಮ್ಮ ಮನಸ್ಸಿನ ವಾಲ್ಯೂಮ್ ಗುಂಡಿ ಫುಲ್‌ನಲ್ಲಿ ಸಿಕ್ಕಿಕೊಂಡಿದೆ. ಬೇರೆಯವರಿಗೆ ಪಿಸುಮಾತು ಆಗಿರೋದು ನಿಮಗೆ ಸ್ಪೀಕರಲ್ಲಿ ಕೇಳುತ್ತೆ. ಇದಕ್ಕೆ ಮಾತ್ರೆಗಿಂತ ಮಾತಿನ ಚಿಕಿತ್ಸೆ ಮುಖ್ಯ. ಈಜು ಕಲಿತ ಹಾಗೆ ಕಲೀಬೇಕು."

ಕಲಿಸುವವರು ಸಿಗಬೇಕಲ್ಲ! ಮೊದಲನೆಯವರು ಮೊದಲ ವಾರ ಚಿನ್ನ. ಎರಡನೇ ವಾರ ಗೋಡೆ ಗಡಿಯಾರ ನೋಡಿದ್ದಕ್ಕೆ ಕಲ್ಲು. ಎರಡನೆಯವರು ಎಲ್ಲ ಕೇಳಿ, ಮದುವೆ ಆದರೆ ಸರಿಹೋಗುತ್ತೆ ಅಂದರು. ಅಲ್ಲಿ ಟೂ ಬಿಟ್ಟದ್ದು ಅಕ್ಕ. ಚೀಟಿ ಮಾತ್ರ ವಾರ ತಪ್ಪದೆ ಮ್ಯಾನೇಜರ ಮೇಜು ಸೇರುತ್ತಿತ್ತು.

ಮೂರನೆಯವರು ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದ ಒಬ್ಬ ಮೇಡಂ. ಇಂಥ ಚಿಕಿತ್ಸೆಯನ್ನೇ ಪ್ರತ್ಯೇಕವಾಗಿ ಕಲಿತವರು. ಮೊದಲ ದಿನವೇ ಹೇಳಿದರು: "ನೀವು ನನಗೂ ಟೂ ಬಿಡ್ತೀರಿ. ಯಾವತ್ತು ಅಂತ ಗೊತ್ತಿಲ್ಲ, ಅಷ್ಟೇ. ಬಿಡೋ ಮುಂಚೆ ಒಂದ್ಸಲ ಬಂದು ನನ್ನ ಮುಖ ನೋಡಿ ಹೇಳಿ, ಆಯ್ತಾ?"

ತಂಗಿ ತಬ್ಬಿಬ್ಬಾದಳು. ಟೂ ಬಿಡಲು ಅಪಾಯಿಂಟ್‌ಮೆಂಟ್ ಕೊಟ್ಟವರನ್ನು ಅವಳು ನೋಡಿರಲಿಲ್ಲ.

"ಬಸ್ಸು ಹೊರಡೋ ಹೊತ್ತಿಗೆ ಏನೋ ತೊಂದರೆ ಆದ್ರೆ ಏನಂತ ಹೇಳ್ತೀರಿ?" ಎಂದು ಮೇಡಂ ಕೇಳಿದರು.

"ತಡವಾಗಿ ಹೊರಡಲಿದೆ ಅಂತ."

"ಕೋಪಕ್ಕೂ ಅದನ್ನೇ ಹೇಳಿ. ರದ್ದು ಮಾಡೋದೇನೂ ಬೇಡ. ತಡ ಮಾಡಿ."

ಹನ್ನೊಂದು ವರ್ಷ ಊರಿನ ತಡವನ್ನೆಲ್ಲ ಸಾರಿದವಳು ಮೂವತ್ತೆರಡನೇ ವಯಸ್ಸಿನಲ್ಲಿ ತಾನು ತಡ ಮಾಡಲು ಕಲಿಯತೊಡಗಿದಳು. ಮನೆಪಾಠ ಅಕ್ಕನ ಅಡುಗೆಮನೆಯಲ್ಲಿ. ಒಂದು ದಿನ ಭಾವ ಅವಳ ಹೊಸ ಹೇರ್‌ಕಟ್ ನೋಡಿ ಏನೂ ಅನ್ನಲಿಲ್ಲ. ಅವಳ ಮೂಗಿನ ತುದಿ ಕೆಂಪಾಯಿತು. ಸೌಟನ್ನು ಮೈಕಿನಂತೆ ಹಿಡಿದಳು.

"ಪ್ರಯಾಣಿಕರ ಗಮನಕ್ಕೆ. ಕೋಪ ಎಂಬ ಬಸ್ಸು ಅಡುಗೆಮನೆಗೆ ಬಂದು ನಿಂತಿದೆ."

"ಹತ್ಬೇಡ ಚಿಕ್ಕಮ್ಮಾ!" ಎಂದು ಪುಟ್ಟಿ ಕಿರುಚಿದಳು.

"ನಾನು ಇಳ್ಕೋಬಹುದಾ?" ಎಂದ ಭಾವ.

ಅಂದು ಬಸ್ಸು ಖಾಲಿಯೇ ಹೋಯಿತು. ಎಲ್ಲ ದಿನವೂ ಹಾಗಾಗಲಿಲ್ಲ. ಹತ್ತಿದ ದಿನಗಳೂ ಇದ್ದವು, ಕೊನೆಯ ಸ್ಟಾಪಿನ ತನಕ ಹೋಗಿ ನಡೆದುಕೊಂಡು ವಾಪಸು ಬಂದ ದಿನಗಳೂ ಇದ್ದವು. ಆದರೆ ವಾರಗಟ್ಟಲೆ ನಡೆಯುತ್ತಿದ್ದ ಟೂ ಎರಡು ದಿನಕ್ಕೆ ಇಳಿಯಿತು, ಒಮ್ಮೆಯಂತೂ ಊಟದ ಹೊತ್ತಿಗೇ ಮುಗಿದು ಪುಟ್ಟಿಯಿಂದ ಶಹಬ್ಬಾಸ್ ಗಿಟ್ಟಿಸಿತು.

ಐದನೇ ತಿಂಗಳಲ್ಲಿ ಮೇಡಂ ಹದಿನೈದು ದಿನ ರಜೆ ಹೋಗುವುದಾಗಿ ತಿಳಿಸಿದರು. ಆ ವಾರಗಳಲ್ಲಿ ರಜೆ ತಮ್ಮದೇ ಎಂದು ಮ್ಯಾನೇಜರಿಗೆ ಚೀಟಿ ಮೊದಲೇ ಬರೆದುಕೊಟ್ಟರು, ತುರ್ತಿಗೆ ಇನ್ನೊಬ್ಬರ ನಂಬರೂ ಕೊಟ್ಟರು. ತಂಗಿಯ ಕಿವಿಗೆ ಬಿದ್ದದ್ದು "ಹೋಗ್ತೀನಿ" ಒಂದೇ.

ಅಂದೇ ಸಂಜೆ ಐದಕ್ಕೆ ಅವಳು ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ತಂಗಿ ಚಪ್ಪಲಿಯನ್ನೂ ಬಿಡದೆ ಫೋನು ಚಾಚಿದಳು. ಮೇಡಮಿಗೆ ಬರೆದ ಮೆಸೇಜು. ಬೆರಳು ನೋಯುವಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. 'ನೀವೂ ಎಲ್ಲರ ಹಾಗೇ' ಎಂದು ಶುರುವಾಗಿ 'ಇನ್ನು ಮುಂದೆ ನಾನು ಬರುವುದಿಲ್ಲ' ಎಂದು ಮುಗಿಯುತ್ತಿತ್ತು. ಕಳಿಸಿದರೆ ಅಲ್ಲಿಗೆ ಚೀಟಿಯೂ ಮುಗಿಯಿತು, ಮೈಕೂ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

"ಟೂ ಬಿಟ್ಯಾ ಚಿಕ್ಕಮ್ಮಾ?" ಎಂದು ಪುಟ್ಟಿ ಬಟ್ಟೆಯ ರಾಶಿಯ ಹಿಂದಿನಿಂದ ಕೇಳಿದಳು.

"ಇನ್ನೂ ಇಲ್ಲ. ತಡವಾಗಿ ಹೊರಡಲಿದೆ." ಅವಳು ಫೋನನ್ನು ಅಕ್ಕನ ಮಡಿಲಿಗೆ ಹಾಕಿದಳು. "ಅಕ್ಕಾ, ಈ ಫೋನ್ ನೀನಿಟ್ಕೋ. ನಾಳೆ ಪುಟ್ಟಿ ಸ್ಕೂಲಿಗೆ ಹೋದ್ಮೇಲೆ ಬರ್ತೀನಿ. ನಾನು ಪ್ಯಾಸೆಂಜರ್ ಥರ ಇಲ್ಲಿ ಕೂರ್ತೀನಿ. ನೀನು ನಿಂತ್ಕೊಂಡು ಇದನ್ನ ಪೂರ್ತಿ, ನಾನು ಮೈಕಲ್ಲಿ ಓದ್ತೀನಲ್ಲ, ಹಾಗೇ ಓದು. ಕೇಳಿಸ್ಕೊಂಡ ಮೇಲೂ ಕಳಿಸ್ಬೇಕು ಅನ್ನಿಸಿದ್ರೆ, ಮೇಡಂ ಮುಖ ನೋಡೇ ಹೇಳ್ತೀನಿ."

"ನಂಗೆ ನಿನ್ನ ಹಾಗೆ ಓದೋಕೆ ಎಲ್ಲಿ ಬರುತ್ತೇ?"

"ಬರಲ್ಲ, ಕೆಟ್ಟದಾಗಿ ಓದ್ತೀಯ. ಆದ್ರೂ ಓದು." ತಂಗಿ ಅಷ್ಟು ಹೊತ್ತಿಗೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಪುಟ್ಟಿಯ ಒಂದು ಕಾಲುಚೀಲ ಎತ್ತಿಕೊಂಡು ಅದರ ಜೊತೆಯದನ್ನು ಹುಡುಕುತ್ತ, ಮೈಕಿಲ್ಲದ ಸಣ್ಣ ದನಿಯಲ್ಲಿ ಅಂದಳು: "ದಯವಿಟ್ಟು."